ಪಕ್ಕದ ಖಾನೆಯ ಅಂಗಿ

ಕಂತು ಏಳು

"ಇನ್ನೊಂದ್ಸಲ ತೋರಿಸಮ್ಮ," ಅಂದೆ.

"ಆರು ಸಲ ತೋರಿಸಿದೀನಿ ಸಾರ್."

"ಏಳನೇ ಸಲ ತೋರಿಸು. ನನಗೆ ಅರವತ್ತಾಯ್ತು. ತಲೆಗೆ ಹೋಗೋದು ನಿಧಾನ."

ಸುಪ್ರಜಾ ಉಸಿರು ಬಿಟ್ಟು ಮತ್ತೆ ಮೌಸ್ ಹಿಡಿದಳು. ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ ಒಂದು ಹಳೇ ಮನೆಯ ಮಹಡಿ ಮೇಲೆ ಅವಳ ಆಫೀಸು. ವೆಬ್‌ಸೈಟ್ ಮಾಡಿಕೊಡೋ ಕಂಪನಿ, ಇರೋರು ನಾಲ್ಕು ಜನ. ಮಿಕ್ಕ ಮೂವರು ಕಾಫಿಗೆ ಅಂತ ಕೆಳಗಿಳಿದವರು, ನಾನು ಎದ್ದುಹೋಗೋವರೆಗೂ ಮೇಲೆ ಬರೋ ಹಾಗೆ ಕಾಣಲಿಲ್ಲ. ಪೊಲೀಸ್ ಇಲಾಖೆಯಲ್ಲಿ ಮೂವತ್ತೈದು ವರ್ಷ ರೈಟರ್ ಆಗಿ ಕೂತವನ ಮುಖ ಕಂಡರೆ ಜನ ಹೀಗೇ. ರಿಟೈರಾಗಿ ಎರಡು ವರ್ಷ ಆದರೂ ಆ ಮುಖ ನನ್ನನ್ನ ಬಿಟ್ಟಿಲ್ಲ.

ಕಂಪ್ಯೂಟರಿನ ಪರದೆ ಮೇಲೆ ಎರಡು ಕಾಲಂ, ಒಂದರ ಪಕ್ಕ ಒಂದು. ಎಡಗಡೆ ಮನುಷ್ಯರ ಫೋಟೋ, ಮೇಲಿಂದ ಕೆಳಗೆ. ಅವರೆಲ್ಲ ಕಾಣೆಯಾದವರು. ಬಲಗಡೆ ಬರೀ ಬಟ್ಟೆಗಳ ಫೋಟೋ. ಅವು ವಾರಸುದಾರರಿಲ್ಲದ ಹೆಣಗಳ ಮೈಮೇಲಿದ್ದ ಬಟ್ಟೆ. ಮಲ್ಲೇಶ್ವರದಲ್ಲಿ 'ಸುಳಿವು' ಅಂತ ಒಂದು ಟ್ರಸ್ಟ್ ಇದೆ. ಅವರು ವಯಸ್ಸು, ಎತ್ತರ, ಬಟ್ಟೆ ಎಲ್ಲ ತಾಳೆ ನೋಡಿ, ಇದು ಇವರದ್ದಿರಬಹುದು ಅನ್ನಿಸಿದ ಬಟ್ಟೆಯನ್ನ ಆ ಫೋಟೋದ ಪಕ್ಕಕ್ಕೆ ಇಡ್ತಾರೆ. ಏನೂ ಹೊಂದದಿದ್ದರೆ ಪಕ್ಕದ ಖಾನೆ ಖಾಲಿ.

ಹೋದ ವಾರದ ಸೋಮವಾರ ಈ ಪುಟ ನೋಡಿಯೇ, ಅಕ್ಕಿಪೇಟೆಯ ತರಕಾರಿ ಟೆಂಪೋ ಡ್ರೈವರ್ ಮುನಿಕೃಷ್ಣ ಸತ್ತ ಅಂತ ಅವನ ಮನೆಯವರು ಒಂದು ಹೆಣ ಬಿಡಿಸಿಕೊಂಡು ಬಂದು ಸುಟ್ಟರು.

ನಿನ್ನೆ ಅವನ ಹೆಂಡತಿ ಕುಸುಮಾ ಚಾಮರಾಜಪೇಟೆಯಲ್ಲಿ ನಾನು ಖಾಸಗಿ ತನಿಖೆಗೆ ಅಂತ ಇಟ್ಟುಕೊಂಡಿರೋ ರೂಮಿನ ಮೆಟ್ಟಿಲು ಹತ್ತಿ ಬಂದಳು. ಶವಾಗಾರದವರು ಕೊಟ್ಟ ನೀಲಿ ಚೌಕಳಿ ಅಂಗಿಯನ್ನ ನನ್ನ ಮೇಜಿನ ಮೇಲೆ ಹರಡಿದಳು.

"ಇದು ಇವರದ್ದಲ್ಲ ಸಾರ್. ಇವರ ಅಂಗೀಲಿ ಮೂರನೇ ಗುಂಡಿ ನಾನೇ ಹಾಕಿದ್ದು. ನೀಲಿ ದಾರ ಮನೇಲಿರ್ಲಿಲ್ಲ, ಕೆಂಪು ದಾರದಲ್ಲಿ ಹಾಕಿದ್ದೆ. ಇದ್ರಲ್ಲಿ ಎಲ್ಲಾ ಗುಂಡಿನೂ ಒಂದೇ ದಾರ."

"ಮನೇಲಿ ಹೇಳಿದ್ಯಾ?"

"ಅತ್ತೆ ಹತ್ರ ಹೇಳ್ದೆ. ತಲೆ ಕೆಟ್ಟಿದೆ ನಿಂಗೆ, ಸುಮ್ನಿರು ಅಂದ್ರು. ಗುರುವಾರ ಹನ್ನೊಂದನೇ ದಿನದ ತಿಥಿ ಸಾರ್. ಬೆಳಿಗ್ಗೆ ಎಂಟಕ್ಕೆಲ್ಲ ಬಳೆ ಒಡೀತಾರೆ. ಅಷ್ಟರೊಳಗೆ ಇವರು ಇದಾರೋ ಇಲ್ವೋ ಅಂತ ಗೊತ್ತಾಗ್ಬೇಕು ನಂಗೆ. ಇದ್ದೂ ಬಳೆ ಒಡಿಸ್ಕೊಂಡ್ರೆ ಆ ಪಾಪ ಯಾರಿಗೆ?"

ಇವತ್ತು ಬುಧವಾರ. ಬೆಳಿಗ್ಗೆ ಹತ್ತೂಮುಕ್ಕಾಲು. ನನ್ನ ಬಲಮಂಡಿ ರಾತ್ರಿಯಿಂದ ಒಂದೇ ಸಮ ಚುಚ್ಚುತ್ತಿತ್ತು. ಈ ಕೇಸು ಬೇಡ ಅಂತ ನಿನ್ನೆಯೇ ಹೇಳಬಹುದಿತ್ತು. ಹೆಣ ಸುಟ್ಟಾಗಿದೆ, ಮುಖ ಗುರುತು ಹಿಡಿಯೋ ಹಾಗಿರಲಿಲ್ಲ, ಪೊಲೀಸರು ಫೈಲು ಮುಚ್ಚಿದ್ದಾರೆ. ಆದರೆ ಕೆಂಪು ದಾರದ ವಿಷಯದಲ್ಲಿ ಹೆಂಗಸರು ತಪ್ಪು ಹೇಳಲ್ಲ.

ಬ್ಯಾಗಿನಿಂದ ಒಂದು ಹಾಳೆ ತೆಗೆದೆ. ಮುನಿಕೃಷ್ಣನ ತಮ್ಮ ಸೊಣ್ಣಪ್ಪ ಆ ಸೋಮವಾರ ಅಕ್ಕಿಪೇಟೆಯ ಸೈಬರ್ ಸೆಂಟರಿನಲ್ಲಿ ಇದೇ ಪುಟವನ್ನ ಪ್ರಿಂಟ್ ಹಾಕಿಸಿದ್ದ. ಅದನ್ನ ಹಿಡಿದುಕೊಂಡೇ ಶವಾಗಾರಕ್ಕೆ ಹೋಗಿದ್ದು. ಸೈಬರಿನವರ ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ಹನ್ನೊಂದು ಗಂಟೆ ಐದು ನಿಮಿಷ ಅಂತ ಬರೆದಿತ್ತು. ನಾನೇ ನೋಡಿಬಂದಿದ್ದೆ.

ಹಾಳೆಯಲ್ಲಿ ಎಡಗಡೆ ಎರಡನೆಯವನು ಮುನಿಕೃಷ್ಣ. ಪಕ್ಕದ ಖಾನೆಯಲ್ಲಿ ನೀಲಿ ಚೌಕಳಿ ಅಂಗಿ, ಶವ ಸಂಖ್ಯೆ ನಲವತ್ತೊಂದು.

"ಇವತ್ತಿನ ಪುಟ ಸಾಕು. ಆ ಸೋಮವಾರದ ಹಿಂದಿನ ದಿನ, ಭಾನುವಾರ, ಈ ಪುಟ ಹೇಗಿತ್ತು ಅಂತ ತೋರಿಸೋಕಾಗತ್ತಾ?"

"ಬ್ಯಾಕಪ್ ಇದೆ. ದಿನಾ ರಾತ್ರಿ ಒಂದು ಕಾಪಿ ತಾನಾಗೇ ಎತ್ತಿಡತ್ತೆ."

"ತೆಗಿ."

ತೆಗೆದಳು. ಹಾಳೆಯನ್ನ ಪರದೆಯ ಪಕ್ಕ ಹಿಡಿದೆ. ಸ್ಟೇಷನ್ನಿನಲ್ಲಿ ನಾನು ಬದುಕೆಲ್ಲ ಮಾಡಿದ ಕೆಲಸ ಇದೊಂದೇ, ಎರಡು ಕಾಗದ ಪಕ್ಕಪಕ್ಕ ಇಟ್ಟು ಓದೋದು. ಒಂದನೇ ಸಾಲು ಸರಿಯಾಗಿತ್ತು. ಎರಡನೇ ಸಾಲಿಗೆ ಬಂದು ನಿಂತೆ.

ಭಾನುವಾರದ ಪುಟದಲ್ಲಿ ನೀಲಿ ಚೌಕಳಿ ಅಂಗಿ ಅದೇ ಜಾಗದಲ್ಲಿತ್ತು. ಅದರ ಪಕ್ಕ ಮುನಿಕೃಷ್ಣ ಇರಲಿಲ್ಲ. ಕನ್ನಡಕ ಹಾಕಿಕೊಂಡ ಬೇರೆ ಯಾರೋ ಇದ್ದರು. ರಾಘವ, ಮೂವತ್ತೆಂಟು ವರ್ಷ, ಕುಮಾರ ಪಾರ್ಕ್. ಮುನಿಕೃಷ್ಣ ಅವರ ಕೆಳಗೆ, ಮೂರನೆಯವನು. ಅವನ ಪಕ್ಕದ ಖಾನೆ ಖಾಲಿ.

"ಸುಪ್ರಜಾ, ಇದನ್ನ ಓದು."

ಓದಿದಳು. ಹಾಳೆ ನೋಡಿದಳು. ಮತ್ತೆ ಪರದೆ ನೋಡಿದಳು. ಆಮೇಲೆ ಯಾರು ಯಾವಾಗ ಏನು ಬದಲಿಸಿದರು ಅನ್ನೋ ಪಟ್ಟಿ ತೆಗೆದಳು.

"ರಾಘವ ಅನ್ನೋರನ್ನ ತೆಗೆದಿದಾರೆ ಸಾರ್," ಅಂದಳು ಕೊನೆಗೆ. ದನಿ ಸಣ್ಣಗಾಗಿತ್ತು. "ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ. ಮಲ್ಲೇಶ್ವರದಿಂದ, ಟ್ರಸ್ಟ್ ನೋಡ್ಕೊಳ್ಳೋ ಶೀನಣ್ಣ ಮೇಷ್ಟ್ರ ಲಾಗಿನ್‌ನಲ್ಲಿ. ಎಡಗಡೆದು ಮಾತ್ರ ತೆಗೆದಿದಾರೆ. ಕಾರಣ, ಮನೆಗೆ ಬಂದರು ಅಂತ ಹಾಕಿದಾರೆ."

"ತೆಗೆದರೆ ಏನಾಗತ್ತೆ?"

"ಕೆಳಗಿರೋರೆಲ್ಲ ಒಂದೊಂದು ಖಾನೆ ಮೇಲೆ ಬರ್ತಾರೆ."

"ಬಟ್ಟೆ?"

"ಬಟ್ಟೆ ಇದ್ದಲ್ಲೇ ಇರತ್ತೆ."

ನನಗೆ ಈಗ ತಲೆಗೆ ಹೋಯಿತು. ರೇಷನ್ ಅಂಗಡಿ ಮುಂದೆ ಗಂಡಸರದೊಂದು ಹೆಂಗಸರದೊಂದು ಕ್ಯೂ ಇರುತ್ತಲ್ಲ, ಹಾಗೆ. ಗಂಡಸರ ಸಾಲಿನಿಂದ ಒಬ್ಬ ಎದ್ದುಹೋದರೆ ಅವನ ಹಿಂದಿನವರೆಲ್ಲ ಮುಂದೆ ಬರ್ತಾರೆ. ಹೆಂಗಸರ ಸಾಲು ಕದಲಲ್ಲ. ಅಲ್ಲಿಂದ ಯಾರ ಪಕ್ಕ ಯಾರು ಅನ್ನೋದು ಪೂರ್ತಿ ಕೆಟ್ಟುಹೋಯಿತು.

"ಇದನ್ನ ಹೀಗ್ಯಾಕಮ್ಮ ಮಾಡಿದೆ?"

"ಮೊದ್ಲು ಹೀಗಿರ್ಲಿಲ್ಲ ಸಾರ್. ಮೊದ್ಲು ಟೇಬಲ್‌ನಲ್ಲಿ ಮಾಡಿದ್ದೆ. ಒಂದು ಅಡ್ಡ ಸಾಲಲ್ಲಿ ಎರಡು ಖಾನೆ, ಫೋಟೋ ಒಂದ್ರಲ್ಲಿ, ಬಟ್ಟೆ ಒಂದ್ರಲ್ಲಿ. ಒಟ್ಟಿಗೆ ಬರೋದು, ಒಟ್ಟಿಗೆ ಹೋಗೋದು. ಆದ್ರೆ ಟ್ರಸ್ಟಿನವರದ್ದು ಟೆಲಿಫೋನ್ ಲೈನಿನ ಇಂಟರ್ನೆಟ್. ಎಲ್ಲಾ ಫೋಟೋ ಇಳಿಯೋವರೆಗೂ ಟೇಬಲ್ ಕಾಣ್ಸಲ್ಲ, ಐದೈದು ನಿಮಿಷ ಬಿಳೀ ಪರದೆ. ಮನೆಯವರು ಬಂದು ಕೂತಿರ್ತಾರೆ, ಅಳ್ತಿರ್ತಾರೆ. ಮೇಷ್ಟ್ರು ದಿನಾ ಫೋನ್ ಮಾಡಿ ಬೈಯೋರು."

"ಅದಕ್ಕೆ?"

"ಅದಕ್ಕೆ ಒಂದು ಕಾಂಪೊನೆಂಟ್ ಬರೆದೆ, ಯಾವ ಸೈಟಿಗೆ ಬೇಕಾದ್ರೂ ಜೋಡಿಸೋ ಕೋಡಿನ ತುಂಡು. ಎಡದ ಕಾಲಂ ಬೇರೆ, ಬಲದ ಕಾಲಂ ಬೇರೆ. ಎರಡನ್ನೂ ಬಿಡಿಬಿಡಿಯಾಗಿ ಪಕ್ಕಪಕ್ಕ ನಿಲ್ಲಿಸೋದು. ಫಟಾಫಟ್ ಬರತ್ತೆ. ಸೀರೆ ಅಂಗಡಿ ಸೈಟಿಗೂ ಅದನ್ನೇ ಹಾಕಿದೀನಿ, ಕಲ್ಯಾಣ ಮಂಟಪದ ಸೈಟಿಗೂ ಅದೇ. ಆಫೀಸ್ನಲ್ಲಿ ಎಲ್ರೂ ಬಳಸ್ತಾರೆ." ಮೌಸ್ ಬಿಟ್ಟಳು. "ಚೆನ್ನಾಗಿದೆ ಅಂತ ಹೊಗಳಿದ್ರು ಸಾರ್ ಎಲ್ರೂ."

"ಇದಕ್ಕೆ ಮುಂಚೆಯೂ ಜನ ಮನೆಗೆ ಬಂದಿರ್ತಾರಲ್ಲ. ಆಗ ಯಾಕೆ ತಪ್ಪಾಗ್ಲಿಲ್ಲ?"

ಲೆಕ್ಕ ಹಾಕೋಳ ಹಾಗೆ ಪರದೆ ಮೇಲೆ ಬೆರಳಿಟ್ಟಳು. "ಆಗೆಲ್ಲ ಪಕ್ಕದ ಖಾನೆ ಖಾಲಿ ಇರ್ತಿತ್ತು. ಮೇಷ್ಟ್ರು ಫೋಟೋನೂ ಖಾಲಿ ಖಾನೆನೂ ಎರಡನ್ನೂ ಅಳಿಸ್ತಿದ್ರು. ಹೆಣ ಸಿಕ್ಕಿದ್ರೆ ಆಗ್ಲೂ ಎರಡೂ ಹೋಗ್ತಿತ್ತು. ಪಕ್ಕದಲ್ಲಿ ಬಟ್ಟೆ ಇಟ್ಟ ಮೇಲೆ ಆ ಮನುಷ್ಯ ಮನೆಗೆ ಬಂದಿದ್ದು ಇದೇ ಮೊದ್ಲು. ಹೆಣ ಇನ್ನೂ ಯಾರದ್ದೋ ಗೊತ್ತಿಲ್ಲ, ಬಟ್ಟೆ ಇರ್ಲಿ ಅಂತ ಅದನ್ನ ಬಿಟ್ಟಿದಾರೆ. ನಾನು ಅದನ್ನ ಟೆಸ್ಟೇ ಮಾಡಿರ್ಲಿಲ್ಲ."

"ಆಮೇಲೆ ಯಾರಿಗೂ ಕಾಣ್ಲಿಲ್ವಾ?"

"ಅವತ್ತೇ ಮಧ್ಯಾಹ್ನ ಮುನಿಕೃಷ್ಣನ್ನೂ ಆ ಅಂಗಿನೂ, ಅದರ ಕೆಳಗೆ ಮಿಕ್ಕಿದ್ದ ಖಾಲಿ ಖಾನೆನೂ ಅಳಿಸಿದಾರೆ. ಅದಕ್ಕೇ ಉಳಿದೋರು ಮತ್ತೆ ಸರಿಯಾಗಿ ಕೂತಿದಾರೆ."

ಅವಳ ಕೈ ಕೀಬೋರ್ಡಿನ ಕಡೆ ಹೋಯಿತು.

"ಏನ್ಮಾಡ್ತಿದೀಯ?"

"ಸರಿ ಮಾಡ್ತೀನಿ ಸಾರ್. ಹತ್ತು ನಿಮಿಷದ ಕೆಲ್ಸ."

"ಮುಟ್ಬೇಡ. ಭಾನುವಾರದ ಕಾಪಿ, ಸೋಮವಾರದ ಕಾಪಿ ಎರಡನ್ನೂ ಸೀಡಿಗೆ ಹಾಕಿ ನಂಗೆ ಕೊಡು. ಆಮೇಲೆ ಏನ್ಬೇಕಾದ್ರೂ ಮಾಡು."

ಸೀಡಿ ತಿರುಗೋ ಸದ್ದಿನ ಮಧ್ಯೆ ಕೇಳಿದಳು, "ನನ್ನಿಂದಲೇ ಆಗಿದ್ದಲ್ವಾ ಸಾರ್ ಇದು? ಬೇರೆ ಯಾರದ್ದೋ ಹೆಣ..."

ಸಮಾಧಾನ ಹೇಳೋ ಅಭ್ಯಾಸ ನನಗಿಲ್ಲ. ಸುಳ್ಳು ಹೇಳೋಕೂ ಸುಸ್ತಾಗಿತ್ತು. "ಅರ್ಧ ನಿನ್ನಿಂದ," ಅಂದೆ. "ಇನ್ನರ್ಧ ಯಾರಿಂದ ಅಂತ ನೋಡ್ಕೊಂಡು ಬರ್ತೀನಿ."

* * *

ಮಲ್ಲೇಶ್ವರ ಎಂಟನೇ ಕ್ರಾಸಿನಲ್ಲಿ ಬಸ್ ಇಳಿದಾಗ ಹನ್ನೆರಡೂವರೆ. ಬಿಸಿಲು, ಜನ, ನನ್ನ ಮಂಡಿ. ಟ್ರಸ್ಟಿನ ಆಫೀಸು ಒಂದು ಔಷಧಿ ಅಂಗಡಿಯ ಹಿಂದಿನ ಕೋಣೆ.

ಶೀನಣ್ಣ ಮೇಷ್ಟ್ರಿಗೆ ಎಪ್ಪತ್ತರ ಹತ್ತಿರ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವರು, ರಿಟೈರಾದ ಮೇಲೆ ಇದನ್ನ ಹಚ್ಚಿಕೊಂಡಿದ್ದಾರೆ. ಕಂಪ್ಯೂಟರಿನ ಪರದೆ ಮೇಲೆ ಒಂದು ದಪ್ಪ ರಟ್ಟು ಒರಗಿಸಿಟ್ಟಿದ್ದರು. ಅದರ ಮಧ್ಯೆ ಬ್ಲೇಡಿನಲ್ಲಿ ಒಂದು ಕಿಂಡಿ ಕೊರೆದಿತ್ತು, ಸರಿಯಾಗಿ ಒಂದು ಸಾಲು ಕಾಣೋವಷ್ಟು.

"ಇದೇನು ಮೇಷ್ಟ್ರೇ?"

"ಮನೆಯವರು ಬಂದಾಗ ಅವರದ್ದೊಂದೇ ಸಾಲು ತೋರಿಸೋದು. ತಮ್ಮೋರನ್ನ ಹುಡುಕ್ಕೊಂಡು ಬಂದೋರು ಊರ ಹೆಣಗಳ ಬಟ್ಟೆಯೆಲ್ಲ ಯಾಕೆ ನೋಡ್ಬೇಕು ಹೇಳಿ. ಅವರ ಫೋಟೋ, ಅದರ ಪಕ್ಕದ್ದು, ಅಷ್ಟೆ. ಕೂತ್ಕೊಳ್ಳಿ ಶಿವಲಿಂಗಯ್ಯನವರೇ, ಕಾಫಿ ತರಿಸ್ತೀನಿ."

"ಕಾಫಿ ಬೇಡ. ರಾಘವ ಅನ್ನೋರ ಫೋಟೋನ ಹೋದ ಸೋಮವಾರ ನೀವೇ ತೆಗೆದಿದ್ದಾ?"

"ಹೌದು, ನಾನೇ. ಮನೆಗೆ ಬಂದ್ರಂತೆ. ಈ ಜಾಗದಲ್ಲಿ ಅಪರೂಪಕ್ಕೆ ಒಂದು ಸಂತೋಷದ ಸುದ್ದಿ."

"ಬಂದ್ರಂತೆ ಅಂದ್ರೆ? ನೀವು ನೋಡಿದ್ರಾ?"

"ಫೋನ್ ಬಂತು. ರಾಘವನ ಅಣ್ಣ ಮಾತಾಡ್ತಿರೋದು ಅಂದ್ರು. ಸಿಕ್ಕಿದಾನೆ, ಮನೆಗೆ ಬಂದಿದಾನೆ. ಹೆಣದ ಅಂಗಿ ಪಕ್ಕ ನಮ್ಮ ಹುಡುಗನ ಫೋಟೋ ಒಂದು ಗಳಿಗೆನೂ ಇರಬಾರದು, ಈಗಲೇ ತೆಗೀರಿ ಅಂದ್ರು. ನಮ್ಮಲ್ಲೂ ಅದೇ ರೂಢಿ. ಬದುಕಿ ಮನೆಗೆ ಬಂದೋರ ಫೋಟೋ ಅಲ್ಲಿಡೋದು ಅಪಶಕುನ. ಕೈಲಿರೋ ಕೆಲಸ ಬಿಟ್ಟು ತೆಗೀತೀನಿ. ಅವರು ತೆಗೆದಾಯ್ತಾ ಅಂತ ಲೈನಲ್ಲೇ ಕಾದ್ರು, ಪಾಪ."

"ಲೈನಲ್ಲೇ ಕಾದ್ರಾ?"

"ಆಯ್ತು ಅಂದ್ಮೇಲೆ ಇಟ್ರು."

"ಮನೆಗೆ ವಾಪಸ್ ಫೋನ್ ಮಾಡಿ ಕೇಳಿದ್ರಾ, ನಿಜಾನಾ ಅಂತ?"

ಮೇಷ್ಟ್ರು ಕನ್ನಡಕ ತೆಗೆದರು. "ಇಲ್ಲ."

"ಒಂದು ಹೆಣ ಯಾರದ್ದು ಅಂತ ಹೇಳೋಕೆ ಎರಡು ಸಾಕ್ಷಿ, ಒಂದು ಸಹಿ, ಸ್ಟೇಷನ್ ಸೀಲು ಕೇಳ್ತೀರಿ. ಇದಕ್ಕೆ ಏನೂ ಬೇಡ್ವಾ?"

"ಒಳ್ಳೇ ಸುದ್ದಿಗೆ ಯಾರ್ರೀ ಸಾಕ್ಷಿ ಕೇಳ್ತಾರೆ?"

ನನಗೆ ಸಿಟ್ಟು ಬಂತು. ಬಂದ ಸಿಟ್ಟು ಅರ್ಧದಲ್ಲೇ ಸೋತುಹೋಯಿತು, ಯಾಕಂದ್ರೆ ಅವರ ಜಾಗದಲ್ಲಿ ನಾನಿದ್ದರೂ ಕೇಳ್ತಿರಲಿಲ್ಲ. ಅದೇ ಬೇಜಾರು. ಇಂಥ ಕೇಸುಗಳಲ್ಲಿ ಬೈಯೋಕೆ ಸರಿಯಾದ ಒಬ್ಬ ಕೆಟ್ಟ ಮನುಷ್ಯ ಕೈಗೆ ಸಿಗೋದಿಲ್ಲ. ಸಿಗೋರೆಲ್ಲ ಒಳ್ಳೇದು ಮಾಡೋಕೆ ಹೊರಟವರೇ.

"ಅಕ್ಕಿಪೇಟೆಗೆ ಅವತ್ತು ನೀವು ಫೋನ್ ಮಾಡಿದ್ರಾ? ಮುನಿಕೃಷ್ಣನ ಮನೆ ಪಕ್ಕದ ಅಂಗಡಿಗೆ ಫೋನ್ ಬಂದಿತ್ತು. ಟ್ರಸ್ಟಿಂದ, ಅಂಗಿಯ ಫೋಟೋ ಹಾಕಿದೀವಿ, ಬೇಗ ನೋಡಿ ಅಂತ. ಅಂಗಡಿಯವನು ಸೊಣ್ಣಪ್ಪಂಗೆ ಹೇಳಿದ. ಅವನು ಸೈಬರ್‌ಗೆ ಓಡಿದ."

"ಇಲ್ಲ. ನಾವು ಮಾಡಿಲ್ಲ."

"ಖಂಡಿತಾನಾ?"

"ಅವರ ಪಕ್ಕದ ಖಾನೆ ಖಾಲಿ ಇತ್ತಲ್ಲ. ಯಾಕೆ ಮಾಡ್ತೀವಿ?"

"ಮೇಷ್ಟ್ರೇ, ಆ ನೀಲಿ ಅಂಗಿನ ರಾಘವನ ಪಕ್ಕ ಇಟ್ಟಿದ್ದು ಯಾವಾಗ?"

"ಭಾನುವಾರ ಸಂಜೆ. ಎತ್ತರ ಹೊಂದಿತ್ತು, ವಯಸ್ಸು ಹೊಂದಿತ್ತು, ಅಂಗಿ ಹೊಂದಿತ್ತು. ಸೋಮವಾರ ಹನ್ನೊಂದರ ಮೇಲೆ ಅವರ ಮನೆಗೆ ಫೋನ್ ಮಾಡಿ ಕರೆಸೋಣ ಅಂತಿದ್ದೆ. ಅಷ್ಟರಲ್ಲಿ ಅವರೇ..."

ಅಲ್ಲಿಗೆ ನಿಂತರು. ಗಣಿತದ ಮೇಷ್ಟ್ರು. ನಾನು ಹೇಳಬೇಕಾಗಿರಲಿಲ್ಲ, ಆದರೂ ಹೇಳಿದೆ.

"ನೀವಿನ್ನೂ ಅವರ ಮನೆಗೆ ತಿಳಿಸೇ ಇರ್ಲಿಲ್ಲ. ಹೆಣದ ಅಂಗಿ ಪಕ್ಕ ಅವರ ಫೋಟೋ ಇದೆ ಅಂತ ಅಣ್ಣಂಗೆ ಹೇಗೆ ಗೊತ್ತಾಯ್ತು?"

ಮೇಷ್ಟ್ರು ಕನ್ನಡಕ ಹಾಕಿಕೊಳ್ಳೋಕೆ ಹೋದರು. ಕಿವಿಗೆ ಸಿಗಲಿಲ್ಲ. ಮೇಜಿನ ಮೇಲಿಟ್ಟರು.

"ಎಲ್ಲಾದ್ರೂ ಕೂತು ಪುಟ ನೋಡಿರ್ಬಹುದು," ಅಂದರು.

"ನೋಡಿದಾನೆ. ನೋಡಿದ್ದಷ್ಟೇ ಅಲ್ಲ, ಒಬ್ಬರನ್ನ ತೆಗೆದ್ರೆ ಕೆಳಗಿನವರು ಮೇಲೆ ಬರ್ತಾರೆ ಅನ್ನೋದನ್ನೂ ಕಂಡ್ಕೊಂಡಿದಾನೆ. ಬರೆದ ಹುಡುಗಿಗೇ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿರ್ಲಿಲ್ಲ. ನಿಮ್ಮ ರೂಢಿನೂ ಗೊತ್ತಿತ್ತು ಅವನಿಗೆ, ಏನು ಹೇಳಿದ್ರೆ ನೀವು ತಕ್ಷಣ ತೆಗೀತೀರಿ ಅಂತ."

"ರಾಘವನ ಮನೆ ಕುಮಾರ ಪಾರ್ಕ್. ಹತ್ರಾನೇ." ಎದ್ದು ನಿಂತರು. "ನಾನೂ ಬರ್ತೀನಿ."

"ನೀವು ಬರೋದು ಬೇಡ ಮೇಷ್ಟ್ರೇ."

"ತೆಗೆದಿದ್ದು ನಾನು. ಬರ್ತೀನಿ."

ಆಟೋ ಹಿಡಿದು ಹೊರಟೆವು. ರಾಘವ ಮನೆಯಲ್ಲಿ ಕೂತು ಊಟ ಮಾಡ್ತಿರಲಿ, ನಮ್ಮನ್ನ ನೋಡಿ ಯಾರಪ್ಪಾ ನೀವು ಅಂತ ಗದರಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ದೇವರಿಗೆ ಕೈಮುಗಿಯೋನಲ್ಲ ನಾನು.

* * *

ಬಾಗಿಲು ತೆಗೆದವರು ರಾಘವನ ಹೆಂಡತಿ ಕೋಕಿಲಾ. ಮೂವತ್ತೈದರ ಒಳಗಿನ ವಯಸ್ಸು, ಹಣೆಯಲ್ಲಿ ದೊಡ್ಡ ಕುಂಕುಮ, ಕಣ್ಣ ಕೆಳಗೆ ಕಪ್ಪು. ಅವರು ನನ್ನನ್ನ ನೋಡಲಿಲ್ಲ. ನನ್ನ ಹಿಂದಿದ್ದ ಮೇಷ್ಟ್ರನ್ನ ನೋಡಿದರು. ಮುಖ ಅರಳಿತು.

"ಸಿಕ್ಕಿದ್ರಾ ಮೇಷ್ಟ್ರೇ? ನೀವೇ ಬಂದಿದೀರ ಅಂದ್ರೆ ಸಿಕ್ಕಿದಾರೆ. ಎಲ್ಲಿದಾರೆ?"

ಮೇಷ್ಟ್ರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನಿಮ್ಮ ಯಜಮಾನರಿಗೆ ಅಣ್ಣ ಇದಾರಾಮ್ಮ?" ಅಂತ ಕೇಳಿದೆ.

"ಇಲ್ಲ. ಒಬ್ಬರೇ ಮಗ. ಯಾಕೆ?"

ಒಳಗೆ ಕೂರಿಸಿದರು. ನೀರು ಕೊಟ್ಟರು. ನಾನು ಕೇಳದೇ ಹೇಳಿದರು, ಹದಿನಾಲ್ಕು ದಿನದಿಂದ ಹೇಳಿ ಹೇಳಿ ಬಾಯಿಪಾಠ ಆಗಿತ್ತು. ಮಾವ ತೀರಿಕೊಂಡ ಮೇಲೆ ಅವರ ಹಳೇ ಪುಸ್ತಕ ಒಂದು ಕೋಣೆ ತುಂಬ ಇತ್ತು. ಅವೆನ್ಯೂ ರಸ್ತೆಯಲ್ಲಿ ಯಾರಿಗೋ ಕೊಡೋದು ಅಂತ ಮಾತಾಗಿತ್ತು. ಗುರುವಾರ ಬೆಳಿಗ್ಗೆ ಒಂದು ಟೆಂಪೋ ಬಂತು. ಪುಸ್ತಕ ತುಂಬಿಕೊಂಡು ರಾಘವನೂ ಅದರಲ್ಲೇ ಹೋದರು. ಆಮೇಲೆ ಪುಸ್ತಕವೂ ಅಂಗಡಿ ಮುಟ್ಟಲಿಲ್ಲ, ರಾಘವನೂ ಮನೆಗೆ ಬರಲಿಲ್ಲ.

"ಪೊಲೀಸರಿಗೆ ಟೆಂಪೋ ವಿಷಯ ಹೇಳಿದ್ರಾ?"

"ಹೇಳ್ದೆ. ನಂಬರ್ ಕೇಳಿದ್ರು. ಟೆಂಪೋ ನಂಬರ್ ಯಾರು ನೋಡ್ತಾರೆ ಸಾರ್? ತರಕಾರಿ ಸಾಗಿಸೋದು, ಹಿಂದೆ ಕೋಸಿನ ಎಲೆ ಬಿದ್ದಿತ್ತು. ಅಷ್ಟೇ ಗೊತ್ತಿರೋದು."

ತರಕಾರಿ ಅಂದ ಕೂಡಲೇ ನನ್ನ ಕೈ ಬ್ಯಾಗಿಗೆ ಹೋಯಿತು. ಸೊಣ್ಣಪ್ಪನ ಪ್ರಿಂಟ್ ತೆಗೆದೆ. ಮುನಿಕೃಷ್ಣನ ಫೋಟೋ ಮಾತ್ರ ಕಾಣೋ ಹಾಗೆ ಮಡಚಿ ಮುಂದಿಟ್ಟೆ.

"ಇವರೇ," ಅಂದರು ಕೋಕಿಲಾ. ಯೋಚನೆ ಕೂಡ ಮಾಡಲಿಲ್ಲ. "ಇವರೇ ಡ್ರೈವರ್. ಹೋಗೋಕೆ ಮುಂಚೆ ನನ್ ಹತ್ರ ನೀರಿಸ್ಕೊಂಡು ಕುಡಿದ್ರು. ನಿಮಗೆಲ್ಲಿ ಸಿಕ್ತು ಈ ಫೋಟೋ?"

ಮೇಷ್ಟ್ರು ತಲೆ ಎತ್ತಲಿಲ್ಲ. ಹೇಳಿದ್ದು ಅವರೇ. "ನಿಮ್ಮ ಯಜಮಾನ್ರ ಫೋಟೋದ ಕೆಳಗೇ ಇತ್ತಮ್ಮ. ಅವರು ಕಾಣೆಯಾದ ವಾರದ ಶನಿವಾರ ನೀವು ಬಂದಾಗ ಅದೇ ಪರದೆ ಮೇಲೇ ಇತ್ತು. ನಾನು ರಟ್ಟು ಇಟ್ಟಿದ್ದೆ."

ಕೋಕಿಲಾಗೆ ಅರ್ಥ ಆಗಲಿಲ್ಲ. ಅರ್ಥ ಮಾಡಿಸೋ ಕೆಲಸ ನನ್ನದಾಗಿತ್ತು. ನೀಲಿ ಚೌಕಳಿ ಅಂಗಿ ನನ್ನ ಬ್ಯಾಗಿನಲ್ಲೇ ಇತ್ತು, ಕುಸುಮಾ ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ. ತೆಗೆದು ಕೊಟ್ಟೆ. ಕೋಕಿಲಾ ಕಾಲರು ತಿರುಗಿಸಿ ಒಳಗಿದ್ದ ಟೈಲರ್ ಚೀಟಿ ಓದಿದರು. ಶೇಷಾದ್ರಿಪುರಂ ಅಂತ ಇತ್ತು. ಜೇಬಿನ ಮೇಲಿನ ಒಂದು ಇಂಕಿನ ಕಲೆಯನ್ನ ಹೆಬ್ಬೆರಳಿನಲ್ಲಿ ಉಜ್ಜಿದರು. ಉಜ್ಜುತ್ತಲೇ ಇದ್ದರು.

ಆಮೇಲೆ ಅಲ್ಲಿ ನಡೆದಿದ್ದನ್ನ ಬರೆಯಲ್ಲ. ಮೂವತ್ತೈದು ವರ್ಷದಲ್ಲಿ ಅಂಥ ಮನೆಗಳಿಗೆ ನೂರಾರು ಸಲ ಹೋಗಿದೀನಿ. ಅಭ್ಯಾಸ ಆಗತ್ತೆ ಅಂತ ಹೇಳಿದವರು ಹೋಗಿರಲಿಲ್ಲ ಅನ್ಸತ್ತೆ. ಒಂದು ವಿಷಯ ಮಾತ್ರ ಹೇಳಲೇಬೇಕು. ತನ್ನ ಗಂಡನಿಗೆ ಯಾರು ಕೊ‌ಳ್ಳಿ ಇಟ್ಟರು ಅಂತ ಕೇಳಿದರು. ಸೊಣ್ಣಪ್ಪ ಅನ್ನೋರು, ಬೇರೆ ಹೆಸರಿನಲ್ಲಿ ಅಂತ ಹೇಳಿದೆ. ಆಗ ಅವರು ಅಳು ನಿಲ್ಲಿಸಿ ನನ್ನ ಮುಖ ನೋಡಿದ್ದು ಇನ್ನೂ ಕಣ್ಣ ಮುಂದಿದೆ.

ಮೇಷ್ಟ್ರು ಅಲ್ಲೇ ಉಳಿದರು. ಅವರೇ ಸ್ಟೇಷನ್ನಿಗೆ ಕರೆದುಕೊಂಡು ಹೋಗ್ತೀನಿ ಅಂದರು.

* * *

ಅಕ್ಕಿಪೇಟೆಗೆ ಬರೋ ಹೊತ್ತಿಗೆ ನಾಲ್ಕೂವರೆ. ದಾರಿಯುದ್ದಕ್ಕೂ ಒಂದೇ ವಿಷಯ ಜೋಡಿಸ್ತಿದ್ದೆ. ನಲವತ್ತೊಂದನೇ ಹೆಣ ರಾಘವನದ್ದು. ರಾಘವ ಕೊನೆಗೆ ಹತ್ತಿದ್ದು ಮುನಿಕೃಷ್ಣನ ಟೆಂಪೋ. ಆ ಹೆಣ ಮುನಿಕೃಷ್ಣನ ಹೆಸರಿನಲ್ಲಿ ಸುಟ್ಟುಹೋಯಿತು. ಎರಡೂ ಕಡೆ ಫೋನ್ ಮಾಡಿದವನು ಮುನಿಕೃಷ್ಣನೇ ಇರಬೇಕು. ಸತ್ತವನನ್ನ ಯಾರೂ ಹುಡುಕಲ್ಲ. ಹಳೇ ಪುಸ್ತಕ ತುಂಬಿದ ಒಂದು ಟೆಂಪೋಗೋಸ್ಕರ ಇಷ್ಟೆಲ್ಲ ಯಾಕೆ ಅನ್ನೋದು ಮಾತ್ರ ನನಗಿನ್ನೂ ಹೊಳೆದಿರಲಿಲ್ಲ.

ಕುಸುಮಾಗೆ ಹೇಳಬೇಕಾಗಿದ್ದು ಎರಡು ಮಾತು. ನಿನ್ನ ಗಂಡ ಬದುಕಿದಾನೆ ಅನ್ನೋದು ಒಂದು. ಬದುಕಿರೋದು ಹೇಗೆ ಅನ್ನೋದು ಇನ್ನೊಂದು. ಮೊದಲನೆಯದನ್ನ ಹೇಳಿ ಎರಡನೆಯದನ್ನ ನುಂಗಿಬಿಡೋಣ ಅಂತ ಮಾರ್ಕೆಟ್ ದಾಟೋವರೆಗೂ ಆಸೆ ಪಟ್ಟೆ.

ಮನೆ ಮುಂದೆ ಶಾಮಿಯಾನ ಕಟ್ಟುತ್ತಿದ್ದರು. ಸೊಣ್ಣಪ್ಪ ಗಳ ಹಿಡಿದು ನಿಂತಿದ್ದವನು ನನ್ನನ್ನ ನೋಡಿ ಮುಖ ತಿರುಗಿಸಿದ. ಬಾಗಿಲಲ್ಲಿ ಅವನ ತಾಯಿ ದೊಡ್ಡಮುನಿಯಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು.

"ಯಾಕ್ ಬಂದ್ರಿ? ನಮ್ಮನೆ ಸಾವ್ನ ನೆಮ್ಮದಿಯಾಗ್ ಮಾಡ್ಕೊಳಕ್ಕೂ ಬಿಡಲ್ವಾ ನೀವು?"

"ಸೊಸೆ ಹತ್ರ ಎರಡು ಮಾತಾಡ್ಬೇಕು ತಾಯಿ. ಆಮೇಲೆ ಹೊರಟೋಗ್ತೀನಿ."

ಹಿತ್ತಿಲ ನಲ್ಲಿ ಹತ್ತಿರ ಕುಸುಮಾ ದೊಡ್ಡ ಪಾತ್ರೆ ತೊಳೆಯುತ್ತಿದ್ದಳು, ನಾಳೆಯ ಅಡುಗೆಗೆ. ಎರಡು ಕೈಯಲ್ಲೂ ಹಸಿರು ಗಾಜಿನ ಬಳೆ. ನನ್ನನ್ನ ನೋಡಿ ನಲ್ಲಿ ನಿಲ್ಲಿಸಿದಳು. ಕೇಳಲಿಲ್ಲ, ನಿಂತಳು ಅಷ್ಟೆ. ನಿನ್ನೆ ನನ್ನ ರೂಮಿನಲ್ಲಿ ನಿಲ್ಲಿಸದೆ ಮಾತಾಡಿದವಳು.

"ನೀನು ಹೇಳಿದ್ದೇ ಸರಿ ಕಣಮ್ಮ. ಅಂಗಿ ನಿಮ್ಮ ಯಜಮಾನ್ರದ್ದಲ್ಲ. ಸುಟ್ಟಿದ್ದು ಅವರನ್ನಲ್ಲ."

ಏನೂ ಆಗಲಿಲ್ಲ. ಅವಳು ಅಳಲಿಲ್ಲ, ಕೈ ಮುಗಿಯಲಿಲ್ಲ. ಪಾತ್ರೆಯ ಅಂಚನ್ನ ನೋಡ್ತಾ ನಿಂತಳು.

"ಕೇಳಿಸ್ತಾ? ಬದುಕಿದಾನಮ್ಮ ನಿನ್ ಗಂಡ."

"ಗೊತ್ತು ಸಾರ್."

ಹಿತ್ತಿಲ ಗೋಡೆಗೆ ಒರಗಿಕೊಂಡೆ.

"ಏನ್ ಗೊತ್ತು?"

"ಬೆಳಿಗ್ಗೆ ಅಂಗಡಿಗೆ ಫೋನ್ ಬಂತು. ಕುಸುಮಾನ ಕರೀರಿ ಅಂದ್ರಂತೆ. ಹೋಗಿ ಎತ್ತಿದೆ. ಇವರೇ." ದನಿ ತಗ್ಗಿಸಿದಳು. ಮುಂದುಗಡೆ ಗಳ ನೆಡೋ ಸದ್ದು ಕೇಳ್ತಿತ್ತು. "ಇದೀರಾ ಅಂತ ಕೇಳ್ದೆ. ಇದೀನಿ ಅಂದ್ರು."

"ಎಲ್ಲಿ?"

"ಹೇಳ್ಲಿಲ್ಲ."

"ಮತ್ತೆ ಏನ್ ಹೇಳ್ದ?"

ಅವಳು ಎರಡು ಕೈಯನ್ನೂ ಸೆರಗಿನಲ್ಲಿ ಒರೆಸಿಕೊಂಡಳು. ಒರೆಸಿ ಆದ ಮೇಲೂ ಒರೆಸುತ್ತಲೇ ಇದ್ದಳು.

"ನಾನು ಬದುಕಿರೋದು ಯಾರ್ಗೂ ತಿಳಿಬಾರ್ದು, ಅಮ್ಮಂಗೂ ಹೇಳ್ಬೇಡ ಅಂದ್ರು. ನಾಳೆ ಎಲ್ರ ಮುಂದೆ ಸುಮ್ನೆ ಕೂತ್ಕೊಂಡು ಬಳೆ ಒಡಿಸ್ಕೋ ಅಂದ್ರು ಸಾರ್, ನನ್ ಗಂಡನೇ."

ಅವಳೇ ಹತ್ತಿರ ಬಂದಳು.

"ನೀವು ದೊಡ್ಡೋರು, ನಾಕು ಜನ ನೋಡಿರೋರು. ಹೇಳಿ ಸಾರ್. ಒಡಿಸ್ಕೊಳ್ಲಾ?"